ಗೊತ್ತಿಲ್ಲದ ಇಂಗ್ಲಿಷ್ ಪದದ ಅರ್ಥ ಊಹಿಸುವುದರಲ್ಲಿ ಹುಡುಗಿಯರು ಮುಂದೋ, ಹುಡುಗರು ಮುಂದೋ?

ಮೊದಲು ಒಂದು ಕನ್ನಡ ವಾಕ್ಯ ಓದಿ. “ಮೂರು ದಿನ ಹಿಡಿದ ಜಡಿಮಳೆಗೆ ಅಟ್ಟದ ಮೇಲಿನ ಚೀಲಗಳಿಗೆಲ್ಲ ಥಂಡಿ ತಗುಲಿ, ಅಕ್ಕಿ ಪೂರಾ ಮುಗ್ಗಿಹೋಗಿತ್ತು.” ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು, ಅಕ್ಕಿಯನ್ನು ಪ್ಯಾಕೆಟ್ಟಿನಲ್ಲಿ ಮಾತ್ರ ಕಂಡ ಮಕ್ಕಳಿಗೆ ‘ಮುಗ್ಗು’ ಗೊತ್ತಿರಲಿಕ್ಕಿಲ್ಲ. ಆದರೂ ಹೆಚ್ಚಿನವರು ‘ಹಾಳಾಗಿತ್ತು’ ಎನ್ನುವಲ್ಲಿಗೆ ಬಂದು ಮುಟ್ಟುತ್ತಾರೆ. ಕೊನೆಯ ‘ಹೋಗಿತ್ತು’ ನೋಡಿಯೇ ಇದು ಕ್ರಿಯಾಪದ, ಆಗಬಾರದ್ದೇನೋ ಆಗಿದೆ ಎಂಬ ವಾಸನೆ ಹತ್ತಿರುತ್ತದೆ. ಮಳೆ, ಥಂಡಿ, ಅಕ್ಕಿ ಸೇರಿದರೆ ಒಳ್ಳೆಯದಂತೂ ಆಗಿರಲಾರದು ಎಂಬ ಲೆಕ್ಕವೂ ಜೊತೆಗಿರುತ್ತದೆ. ಅಷ್ಟರಿಂದ ‘ಹಾಳಾಗಿತ್ತು’ ಸಿಕ್ಕಿತು. ಆದರೆ ತೇವಕ್ಕೆ ಬೂಷ್ಟು ಹಿಡಿದು ಕಮಟು ವಾಸನೆ ಬರುತ್ತಿತ್ತು ಎಂಬ ಪೂರ್ತಿ ಅರ್ಥಕ್ಕೆ ಆ ಒಂದು ವಾಕ್ಯ ಸಾಲದು. ಯಾವತ್ತಾದರೂ ಅಂಥ ಅಕ್ಕಿಯನ್ನು ಮೂಸಿ ನೋಡಿರಬೇಕು.

ಗೊತ್ತಿಲ್ಲದ ಪದ ಎದುರಾದಾಗ ಓದುವವರ ತಲೆಯಲ್ಲಿ ನಡೆಯುವುದು ಇಷ್ಟೇ. ಪದದ ರೂಪ ಒಂದಿಷ್ಟು ಹೇಳುತ್ತದೆ, ಅಕ್ಕಪಕ್ಕದ ಮಾತು ಇನ್ನೊಂದಿಷ್ಟು ಹೇಳುತ್ತದೆ, ಉಳಿದದ್ದನ್ನು ನಾವು ನಮ್ಮ ಬದುಕಿನಿಂದ ತಂದು ತುಂಬುತ್ತೇವೆ. ಕಾರ್ಟನ್ ಎಂಬ ವಿದ್ವಾಂಸರು 1971ರಲ್ಲೇ ಈ ಸುಳಿವುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಕಲಿಯುತ್ತಿರುವ ಭಾಷೆಯ ಒಳಗಿನಿಂದ ಸಿಗುವವು, ಮೊದಲೇ ಬಲ್ಲ ಭಾಷೆಗಳಿಂದ ಸಿಗುವವು, ಭಾಷೆಯ ಹೊರಗಿನ ಲೋಕದಿಂದ ಸಿಗುವವು. ಮುಂದೆ ಬರುವ ಗಂಡು ಹೆಣ್ಣಿನ ಚರ್ಚೆಗೆಲ್ಲ ಈ ಮೂರನೆಯದೇ ಬೀಗದ ಕೈ.

ಇನ್ನು ಪ್ರಶ್ನೆಗೆ ಬರೋಣ. ಇಂಗ್ಲಿಷ್ ಕಲಿಯುವವರಲ್ಲಿ ಹೀಗೆ ಅರ್ಥ ಊಹಿಸುವ ಕೆಲಸವನ್ನು ಯಾರು ಚೆನ್ನಾಗಿ ಮಾಡುತ್ತಾರೆ? ಬೆಂಗಳೂರಿನ ಯಾವುದೇ ಪಿಯು ಅಥವಾ ಡಿಗ್ರಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತರೂ ಇದಕ್ಕೆ ಎರಡು ಉತ್ತರ ರೆಡಿ ಇರುತ್ತವೆ. “ಹುಡ್ಗೀರು ಪೂರ್ತಿ ಓದಿ ಅರ್ಥ ಹಿಡೀತಾರೆ ಸಾರ್, ಹುಡುಗ್ರಿಗೆ ಅಷ್ಟು ತಾಳ್ಮೆ ಎಲ್ಲಿ” ಎಂದು ಒಬ್ಬರು. “ಇಲ್ಲ ಮೇಡಂ, ಹುಡ್ಗೀರು ಗೊತ್ತಿಲ್ದಿದ್ರೆ ಖಾಲಿ ಬಿಟ್ಬಿಡ್ತಾರೆ. ಧೈರ್ಯ ಮಾಡಿ ಏನೋ ಒಂದು ಬರೆಯೋರು ಹುಡುಗ್ರೇ” ಎಂದು ಇನ್ನೊಬ್ಬರು. ಎರಡೂ ಅನುಭವದ ಮಾತೇ. ಆದರೆ ಎರಡೂ ಊಹಿಸುವ ಶಕ್ತಿಯ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಮೊದಲನೆಯದು ಓದುವ ಅಭ್ಯಾಸದ ಮಾತು, ಎರಡನೆಯದು ಉತ್ತರ ಬರೆಯುವ ಧೈರ್ಯದ ಮಾತು. ಶಕ್ತಿ ಬೇರೆ, ಅಭ್ಯಾಸ ಬೇರೆ, ಧೈರ್ಯ ಬೇರೆ. ಮೂರನ್ನೂ ಒಂದೇ ಗಂಟು ಕಟ್ಟಿ ‘ಹುಡುಗಿಯರು ಹೀಗೆ, ಹುಡುಗರು ಹಾಗೆ’ ಎಂದುಬಿಟ್ಟರೆ ತಲೆಬುಡ ತಿಳಿಯುವುದಿಲ್ಲ.

ಫಲಿತಾಂಶದ ಅಂಕಿಗಳನ್ನು ಮುಂದಿಡುವವರೂ ಇದ್ದಾರೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹುಡುಗಿಯರು ಶೇ 81.11, ಹುಡುಗರು ಶೇ 65.90 ಪಾಸಾದರು. ಅಂತರ ಸಣ್ಣದಲ್ಲ. ಆದರೆ ಪಾಸಾಗುವುದಕ್ಕೆ ಪಾಠ ಓದಿರಬೇಕು, ಹಾಜರಿ ಇರಬೇಕು, ಮನೆಯಲ್ಲಿ ಕೂರಿಸಿ ಓದಿಸುವವರು ಇರಬೇಕು. ಕಾಣದ ಪದದ ಅರ್ಥ ಹಿಡಿಯುವ ಜಾಣ್ಮೆಯನ್ನು ಆ ಅಂಕಿಯಲ್ಲಿ ಹುಡುಕಿದರೆ ಸಿಗದು.

ಒಂದು ಪದ, ನಾಲ್ಕು ಉತ್ತರ

ನಾನು ಮೊದಲ ವರ್ಷದ ಬಿಕಾಂ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವನು. ಪಠ್ಯದಾಚೆ ಊರಿನ ಬದುಕಿನ ವಾಕ್ಯಗಳನ್ನೂ ಆಗಾಗ ಬೋರ್ಡಿನ ಮೇಲೆ ಬರೆಯುವುದುಂಟು. ಅಂಥದ್ದರಲ್ಲಿ ಒಂದು, ಮೆಟ್ರೋ ಪ್ರಕಟಣೆಯ ಧಾಟಿಯದು. ಅದರ ಸಾರ ಇಷ್ಟು: ಹಳಿ ದುರಸ್ತಿಯ ಕಾರಣ ಭಾನುವಾರ ಬೆಳಗ್ಗೆ ಇಂದಿರಾನಗರ ಮತ್ತು ಎಂ.ಜಿ. ರಸ್ತೆ ನಡುವಿನ ರೈಲು ಸೇವೆ ‘ವಿಲ್ ಬಿ ಕರ್ಟೇಲ್ಡ್’. ಕರ್ಟೇಲ್ ಎಂದರೆ ಮೊಟಕುಗೊಳಿಸುವುದು. ಮಕ್ಕಳಿಗೆ ಆ ಪದ ಹೊಸದು. (ಕೆಲವರಿಗೆ ‘ಮೊಟಕು’ ಕೂಡ ಹೊಸದೇ. ಅದು ಬೇರೆ ಕತೆ.)

ಬರುವ ಉತ್ತರಗಳು ನಾಲ್ಕು ಬಗೆಯವು. ‘ಪರದೆ ಹಾಕುತ್ತಾರೆ’ ಎಂಬುದು ಒಂದು. ನಗು ಬರುತ್ತದೆ, ಆದರೆ ದಾರಿ ಸ್ಪಷ್ಟ: ಕರ್ಟೇಲ್ ಕಿವಿಗೆ ಕರ್ಟನ್ ಅನ್ನಿಸಿದೆ, ದುರಸ್ತಿ ನಡೆಯುವ ಕಡೆ ಪರದೆ ಕಟ್ಟುವುದು ಊರಲ್ಲಿ ದಿನವೂ ಕಾಣುವ ನೋಟ. ‘ನಿಲ್ಲಿಸುತ್ತಾರೆ’ ಎಂಬುದು ಎರಡನೆಯದು. ಇದು ಅರ್ಧ ಸರಿ. ದುರಸ್ತಿ ಅಂದಮೇಲೆ ರೈಲು ಓಡದು ಎಂಬ ಲೋಕಜ್ಞಾನ ಕೆಲಸ ಮಾಡಿದೆ. ‘ತಡವಾಗುತ್ತದೆ’ ಎಂಬುದು ಮೂರನೆಯದು. ವಾಕ್ಯಕ್ಕೆ ಹೊಂದುತ್ತದೆ, ಅರ್ಥಕ್ಕೆ ಹೊಂದುವುದಿಲ್ಲ.

ನಾಲ್ಕನೆಯದೇ ಸ್ವಾರಸ್ಯದ್ದು: ‘ಹೆಚ್ಚಿಸುತ್ತಾರೆ’. ದುರಸ್ತಿ ದಿನ ರೈಲು ಹೆಚ್ಚಿಸುವುದೇ? ಯಾಕಪ್ಪಾ ಎಂದು ಕೇಳಿದರೆ ಉತ್ತರ ಬರುತ್ತದೆ, “ಸರ್, ಚಿನ್ನಸ್ವಾಮಿಯಲ್ಲಿ ಮ್ಯಾಚ್ ಇದ್ದಾಗ ಮೆಟ್ರೋ ಟೈಮ್ ಜಾಸ್ತಿ ಮಾಡ್ತಾರಲ್ಲ, ಹಾಗೇ ಅನ್ಕೊಂಡೆ.” ಮೆಟ್ರೋ ಪ್ರಕಟಣೆ ಅಂದರೆ ಅವನ ತಲೆಯಲ್ಲಿ ಕೂತಿರುವುದು ಕ್ರಿಕೆಟ್ ಮ್ಯಾಚಿನ ರಾತ್ರಿ. ಆ ಸ್ಟೇಡಿಯಮ್ಮಿನ ಹತ್ತಿರದ ಎಂ.ಜಿ. ರಸ್ತೆಯ ಹೆಸರು ಕಂಡದ್ದೇ ತಡ, ‘ದುರಸ್ತಿ’ ಕಣ್ಣಿಗೆ ಬೀಳಲಿಲ್ಲ. ಅವನ ಅನುಭವ ಸುಳ್ಳಲ್ಲ. ಅನುಭವ ವಾಕ್ಯವನ್ನೇ ತುಳಿದುಕೊಂಡು ಮುಂದೆ ಹೋಯಿತು, ಅಷ್ಟೇ.

ಈ ನಾಲ್ಕು ಉತ್ತರಗಳನ್ನು ಹೆಸರಿಲ್ಲದೆ ಕೊಟ್ಟು ಇದು ಹುಡುಗಿಯದೋ ಹುಡುಗನದೋ ಹೇಳಿ ಎಂದರೆ, ಮ್ಯಾಚಿನ ಉತ್ತರ ಒಂದನ್ನು ಬಿಟ್ಟು ಬೇರೆಯವುಗಳಲ್ಲಿ ನಾನು ಪಂಥ ಕಟ್ಟಲಾರೆ. ಮ್ಯಾಚಿನ ಉತ್ತರದಲ್ಲೂ ಈಗ ಕಷ್ಟವೇ. ಆರ್‌ಸಿಬಿ ಜೆರ್ಸಿ ಹಾಕಿಕೊಂಡು ಸ್ಟೇಡಿಯಮ್ಮಿಗೆ ಹೋಗುವ ಹುಡುಗಿಯರು ನಮ್ಮ ಕಾಲೇಜಿನಲ್ಲೂ ಕಡಿಮೆಯೇನಿಲ್ಲ.

ಊಹೆ ಹೆಚ್ಚಾಗಿ ತಪ್ಪುತ್ತದೆ

ಲಿಂಗದ ಮಾತಿಗೆ ಮೊದಲು ಇನ್ನೊಂದು ವಿಷಯ ಇತ್ಯರ್ಥವಾಗಬೇಕು. “ಡಿಕ್ಷನರಿ ಬೇಡ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಿ” ಎಂದು ನಾವು ಮೇಷ್ಟ್ರುಗಳು ಹೇಳುತ್ತಲೇ ಬಂದಿದ್ದೇವೆ. ಅದು ಅಷ್ಟು ಸುಲಭದ ಕೆಲಸವೇ? ಹುಸೇನ್ ನಸಾಜಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ 21 ಮಂದಿ, ಓದುತ್ತಾ ಓದುತ್ತಾ ತಮಗೆ ಅನ್ನಿಸಿದ್ದನ್ನು ಗಟ್ಟಿಯಾಗಿ ಹೇಳುತ್ತಾ ಹೋದರು. ಗೊತ್ತಿಲ್ಲದ ಪದಗಳ ಬಗ್ಗೆ ಅವರು ಮಾಡಿದ ಊಹೆಗಳಲ್ಲಿ ಸರಿಯಾದದ್ದು ಶೇ 25.6, ಅರೆಬರೆ ಸರಿಯಾದದ್ದು ಶೇ 18.6. ಉಳಿದ ಅರ್ಧಕ್ಕಿಂತ ಹೆಚ್ಚು ತಪ್ಪು. ಇಸ್ರೇಲಿನ ಬೆನ್ಸುಸಾನ್ ಮತ್ತು ಲೌಫರ್ 1984ರಲ್ಲೇ ಇನ್ನೂ ಕಹಿಯಾದ ಫಲಿತಾಂಶ ಕೊಟ್ಟಿದ್ದರು: ಸಂದರ್ಭ ನೆರವಾದದ್ದು ಶೇ 13ರಷ್ಟು ಉತ್ತರಗಳಿಗೆ ಮಾತ್ರ.

ಕಾರಣ ದೂರವಿಲ್ಲ. ಒಂದು ಪದವನ್ನು ಊಹಿಸಬೇಕಾದರೆ ಅದರ ಸುತ್ತಲಿನ ಪದಗಳು ಗೊತ್ತಿರಬೇಕು. ಯಾರ ನೆರವೂ ಇಲ್ಲದೆ ಒಂದು ಬರಹ ಅರ್ಥವಾಗಲು ಅದರಲ್ಲಿನ ಪದಗಳ ಪೈಕಿ ಶೇ 98ರಷ್ಟು ತಿಳಿದಿರಬೇಕು ಎಂಬುದು ಹೂ ಮತ್ತು ನೇಷನ್ ಎಂಬ ಸಂಶೋಧಕರು 2000ದಲ್ಲಿ ಕಂಡುಕೊಂಡ ಅಂದಾಜು. ಅಂದರೆ 50 ಪದಕ್ಕೆ ಒಂದು ಮಾತ್ರ ಹೊಸದಿರಬಹುದು. ಅದಕ್ಕೂ ಹಿಂದಿನ ಅಧ್ಯಯನಗಳು ಶೇ 95, ಅಂದರೆ 20 ಪದಕ್ಕೆ ಒಂದು ಹೊಸದಿದ್ದರೂ ನಡೆಯುತ್ತದೆ ಎಂದಿದ್ದವು. ನಮ್ಮ ತರಗತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದ ಒಬ್ಬ ವಿದ್ಯಾರ್ಥಿ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಲು ಕೂತರೆ ಸಾಲಿಗೊಂದು ಪದ ಹೊಸದಾಗಿರುತ್ತದೆ. ಅಲ್ಲಿ ‘ಸಂದರ್ಭ ನೋಡು’ ಎನ್ನುವುದು, ಊರೆಲ್ಲ ಕರೆಂಟ್ ಹೋಗಿರುವಾಗ ಪಕ್ಕದ ಮನೆಯ ಬೆಳಕಿನಲ್ಲಿ ಓದಿಕೋ ಎಂದ ಹಾಗೆ.

ಪದದ ರೂಪವೂ ಕೈಕೊಡುವುದುಂಟು. ಲೌಫರ್ ಅವರ ವಿದ್ಯಾರ್ಥಿಗಳಲ್ಲಿ ‘ಔಟ್‌ಲೈನ್’ (ರೂಪುರೇಷೆ) ಎಂದರೆ ಸಾಲಿನಿಂದ ಆಚೆ, ‘ನೆವರ್‌ದಿಲೆಸ್’ (ಆದರೂ) ಎಂದರೆ ಎಂದೂ ಕಡಿಮೆಯಲ್ಲ ಎಂದು ತಿಳಿದವರಿದ್ದರು. ನಮ್ಮಲ್ಲೂ ಅದೇ ಕತೆ. ನ್ಯಾಯ–ಅನ್ಯಾಯ, ದೋಷ–ನಿರ್ದೋಷ ಗೊತ್ತಿರುವ ಕನ್ನಡದ ಮಕ್ಕಳು ಇಂಗ್ಲಿಷ್ ಪದದ ಮುಂದೆ ‘ಇನ್’, ‘ಅನ್’ ಕಂಡರೆ ತಟ್ಟನೆ ‘ಇಲ್ಲ’ ಎಂದು ಓದುತ್ತಾರೆ. ಅದು ಎಷ್ಟೋ ಸಲ ಕೈಹಿಡಿಯುವ ಉಪಾಯವೇ. ಆದರೆ ‘ಇನ್‌ವ್ಯಾಲ್ಯುಯಬಲ್’ ಬಂದಾಗ ‘ಬೆಲೆಯಿಲ್ಲದ್ದು’ ಎಂದು ಬರೆದು ಬೀಳುತ್ತಾರೆ. ಬೆಲೆ ಕಟ್ಟಲಾಗದ್ದು ಎಂಬ ಅರ್ಥ ಅಲ್ಲಿಂದ ಒಂದೇ ಹೆಜ್ಜೆ ಆಚೆಗಿದೆ, ಆ ಹೆಜ್ಜೆ ಇಡಲು ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ಬೆಂಗಳೂರಿನವರಿಗೆ ಇದರ ಮೇಲೆ ಇನ್ನೊಂದು ಸಂಕಟ. ನಮ್ಮ ಕನ್ನಡದೊಳಗೆ ಈಗಾಗಲೇ ನೂರಾರು ಇಂಗ್ಲಿಷ್ ಪದಗಳು ಬೇರೆಯದೇ ಅರ್ಥದಲ್ಲಿ ಮನೆಮಾಡಿಕೊಂಡಿವೆ. ನಮಗೆ ಕವರ್ ಎಂದರೆ ಅಂಗಡಿಯಲ್ಲಿ ಕೊಡುವ ಕೈಚೀಲ, ಟ್ಯಾಂಕ್ ಎಂದರೆ ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆ, ಲೇಔಟ್ ಎಂದರೆ ಸೈಟು ಮಾಡಿ ಮಾರಿದ ಬಡಾವಣೆ. ಕ್ಯಾಶುವಾಲ್ಟಿ ಎಂದರೆ ವಿಕ್ಟೋರಿಯಾ ಆಸ್ಪತ್ರೆಗೆ ರಾತ್ರಿ ಹೊತ್ತು ಆಟೋದಲ್ಲಿ ಓಡಿಹೋದರೆ ಮೊದಲು ಒಳಗೆ ಬಿಡುವ ಜಾಗ. ಯುದ್ಧದ ಸುದ್ದಿಯಲ್ಲಿ ‘ಹೆವಿ ಕ್ಯಾಶುವಾಲ್ಟೀಸ್’ (ಅಪಾರ ಸಾವುನೋವು) ಎಂದು ಓದಿದವರು ‘ದೊಡ್ಡ ದೊಡ್ಡ ಆಸ್ಪತ್ರೆಗಳು’ ಎಂದು ಅರ್ಥ ಮಾಡಿದರೆ ಅದು ದಡ್ಡತನವಲ್ಲ. ಗೊತ್ತಿದೆ ಎಂದುಕೊಂಡ ಪದ ಗೊತ್ತಿಲ್ಲದ ಪದಕ್ಕಿಂತ ಹೆಚ್ಚು ಮೋಸ ಮಾಡುತ್ತದೆ, ಯಾಕೆಂದರೆ ಅಲ್ಲಿ ಊಹಿಸಬೇಕು ಎಂದೇ ಅನ್ನಿಸುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಷ್ಟು?

ಮಾತಿನ ಸಾಮರ್ಥ್ಯದಲ್ಲಿ ಹೆಣ್ಣು ಗಂಡಿನ ಅಂತರ ಎಷ್ಟು ಎಂದು ಜಾನೆಟ್ ಹೈಡ್ ಮತ್ತು ಮಾರ್ಸಿಯಾ ಲಿನ್ 1988ರಲ್ಲಿ 165 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಅವುಗಳಲ್ಲಿ ಪರೀಕ್ಷೆ ಬರೆದವರ ಸಂಖ್ಯೆ 14 ಲಕ್ಷ ದಾಟುತ್ತದೆ. ಒಟ್ಟಾರೆ ಅಂತರ ಹೆಣ್ಣುಮಕ್ಕಳ ಪರವಾಗಿ 0.11, ಪದಸಂಪತ್ತಿನಲ್ಲಿ 0.02, ಓದಿ ಗ್ರಹಿಸುವುದರಲ್ಲಿ 0.03. ಇವು ಶೇಕಡಾ ಲೆಕ್ಕವಲ್ಲ. ಎರಡು ಗುಂಪಿನ ಸರಾಸರಿಗಳ ನಡುವಿನ ಅಂತರವನ್ನು, ಗುಂಪಿನೊಳಗೇ ಅಂಕಗಳು ಎಷ್ಟು ಹರಡಿಕೊಂಡಿವೆಯೋ ಅದರಿಂದ ಭಾಗಿಸಿದ ಸಂಖ್ಯೆ. ಕೈಗೆ ಸಿಗುವ ಹಾಗೆ ಹೇಳುವುದಾದರೆ ಹೀಗೆ: ಕಣ್ಣುಮುಚ್ಚಿ ಒಬ್ಬ ಹುಡುಗಿ, ಒಬ್ಬ ಹುಡುಗನನ್ನು ಆರಿಸಿ ಜೋಡಿ ಮಾಡಿ. ಇಂಥ 100 ಜೋಡಿ ಆಗಲಿ. ಅಂತರ 0.11 ಇದ್ದರೆ ಸುಮಾರು 53 ಜೋಡಿಗಳಲ್ಲಿ ಹುಡುಗಿ ಮುಂದೆ, 47ರಲ್ಲಿ ಹುಡುಗ ಮುಂದೆ. 0.02 ಇದ್ದರೆ ನಾಣ್ಯ ಚಿಮ್ಮಿದಷ್ಟೇ ಹೆಚ್ಚುಕಡಿಮೆ ಸಮಸಮ. ಇದೇ ಹೈಡ್ 2005ರಲ್ಲಿ, ಹೀಗೆ ಹಲವು ಅಧ್ಯಯನಗಳನ್ನು ಒಟ್ಟು ಮಾಡಿದ 46 ವಿಶ್ಲೇಷಣೆಗಳನ್ನು ಪರಿಶೀಲಿಸಿ, ಲಿಂಗ ವ್ಯತ್ಯಾಸ ಎಂದು ದಾಖಲಾದವುಗಳಲ್ಲಿ ಶೇ 78 ಚಿಕ್ಕವು ಇಲ್ಲವೇ ಶೂನ್ಯಕ್ಕೆ ಹತ್ತಿರದವು ಎಂದು ತೋರಿಸಿದರು.

ಆದರೂ ತರಗತಿಯಲ್ಲಿ ವ್ಯತ್ಯಾಸ ಕಾಣುತ್ತದಲ್ಲ? ಕಾಣುತ್ತದೆ. ಅದು ಎಲ್ಲಿಂದ ಬರುತ್ತದೆ ಎಂದು ಒಂದೊಂದಾಗಿ ಬಿಡಿಸಿ ನೋಡಿದರೆ, ಪ್ರತಿ ಸಲವೂ ಊಹಿಸುವ ಶಕ್ತಿಯ ಹೊರಗಿನ ಯಾವುದೋ ಕಾರಣ ಸಿಗುತ್ತದೆ.

ಮಾಡಿಸಿ ನೋಡದೆ, ಬರೀ ಕೇಳಿ ತಿಳಿದುಕೊಂಡದ್ದು ಒಂದು ಕಾರಣ. ಭಾಷೆ ಕಲಿಯುವವರು ಬಳಸುವ ಉಪಾಯಗಳನ್ನು ಅಳೆಯಲು ರೆಬೆಕಾ ಆಕ್ಸ್‌ಫರ್ಡ್ ಸಿದ್ಧಪಡಿಸಿದ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ‘ಗೊತ್ತಿಲ್ಲದ ಇಂಗ್ಲಿಷ್ ಪದಗಳನ್ನು ಅರ್ಥ ಮಾಡಿಕೊಳ್ಳಲು ಊಹಿಸುತ್ತೇನೆ’ ಎಂಬರ್ಥದ ಹೇಳಿಕೆಯೂ ಅದರಲ್ಲಿದೆ; ಎಷ್ಟರಮಟ್ಟಿಗೆ ನಿಜ ಎಂದು 1ರಿಂದ 5ರೊಳಗೆ ಗುರುತು ಹಾಕಬೇಕು. 1989ರಲ್ಲಿ ಆಕ್ಸ್‌ಫರ್ಡ್ ಮತ್ತು ನೈಕೋಸ್ ಅಮೆರಿಕದ ಸುಮಾರು 1200 ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ ಹೆಣ್ಣುಮಕ್ಕಳು ಹೆಚ್ಚು ಉಪಾಯಗಳನ್ನು ಬಳಸುತ್ತೇವೆ ಎಂದರು. ಸ್ಪೇನಿನಲ್ಲಿ 581 ವಿದ್ಯಾರ್ಥಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೆಣ್ಣುಮಕ್ಕಳದ್ದೇ ಮೇಲುಗೈ. ಆದರೆ ಅದೇ ಅಧ್ಯಯನದಲ್ಲಿ, ಅತಿ ಹೆಚ್ಚು ಬಳಸುವ ಹತ್ತು ಉಪಾಯಗಳ ಪೈಕಿ ಎಂಟು ಇಬ್ಬರಲ್ಲೂ ಒಂದೇ ಆಗಿದ್ದವು. ಇಲ್ಲಿ ಅಳತೆಯಾದದ್ದು ‘ಮಾಡುತ್ತೇನೆ ಎಂದು ಹೇಳಿದ್ದು’. ಮಾಡಿದ್ದಲ್ಲ. ಫಾರಂ ತುಂಬುವಾಗ ಶ್ರದ್ಧೆಯಿಂದ ಎಲ್ಲಕ್ಕೂ ಗುರುತು ಹಾಕುವವರು ಯಾರು, ಕೊನೆಯ ಬೆಂಚಿನಲ್ಲಿ ಕೂತು ಎಲ್ಲಕ್ಕೂ 3 ಎಂದು ಬರೆದು ಕೊಡುವವರು ಯಾರು ಎಂದು ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ.

ಇನ್ನೊಂದು, ಯಾವ ವಿಷಯದ ಬರಹ ಕೊಟ್ಟಿರಿ ಎಂಬುದು. ಸಿಂಡಿ ಬ್ರಾಂಟ್‌ಮೈಯರ್ ಎಂಬ ಸಂಶೋಧಕಿ ಸ್ಪ್ಯಾನಿಶ್ ಕಲಿಯುತ್ತಿದ್ದ ಅಮೆರಿಕನ್ ವಿದ್ಯಾರ್ಥಿಗಳಿಗೆ ಎರಡು ಬರಹ ಓದಲು ಕೊಟ್ಟರು: ಒಂದು ಬಾಕ್ಸಿಂಗ್ ಪಂದ್ಯದ್ದು, ಇನ್ನೊಂದು ಬೇಸತ್ತ ಗೃಹಿಣಿಯೊಬ್ಬಳದು. ಬಾಕ್ಸಿಂಗ್ ಬರಹವನ್ನು ಗಂಡುಮಕ್ಕಳು ಚೆನ್ನಾಗಿ ಗ್ರಹಿಸಿದರು, ಗೃಹಿಣಿಯದನ್ನು ಹೆಣ್ಣುಮಕ್ಕಳು. ಓದುಗರೂ ಅವರೇ, ಭಾಷೆಯೂ ಅದೇ. ವಿಷಯ ಬದಲಾದದ್ದಕ್ಕೆ ಗೆದ್ದವರು ಬದಲಾದರು.

ಇದನ್ನು ನಮ್ಮ ಊರಿಗೆ ತಂದು ನೋಡಿ. ನನ್ನ ‘ಮುಗ್ಗು’ ವಾಕ್ಯವನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಮೊರ ಹಿಡಿದು ಅಕ್ಕಿ ಕೇರಿದ ಹುಡುಗಿಗೆ ಅದು ಬೇಗ ಹೊಳೆಯಬಹುದು. ಯಶವಂತಪುರದ ಮಂಡಿಯಲ್ಲಿ ಅಪ್ಪನ ಜೊತೆ ಚೀಲ ಎಣಿಸಿದ ಹುಡುಗನಿಗೂ ಅಷ್ಟೇ ಬೇಗ ಹೊಳೆಯುತ್ತದೆ. ಇಬ್ಬರೂ ಅಲ್ಲದ, ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಅಕ್ಕ ತಮ್ಮ ಇಬ್ಬರಿಗೂ ಹೊಳೆಯುವುದಿಲ್ಲ. ಬಸ್ಸಿನ ಬಗ್ಗೆ ಇಂಗ್ಲಿಷ್ ಬರಹ ಕೊಟ್ಟರೆ ಈಗ ಹುಡುಗಿಯರು ಮುಂದಿರಬಹುದೇನೋ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಿಎಂಟಿಸಿಯಲ್ಲಿ ಅವರಿಗೆ ಟಿಕೆಟ್ ಉಚಿತ, ನನ್ನ ತರಗತಿಯ ಹುಡುಗರಲ್ಲಿ ಬಹಳಷ್ಟು ಮಂದಿ ಸ್ಕೂಟರ್ ಸವಾರರು. ಇದು ತಮಾಷೆಗೆ ಹೇಳಿದ್ದೇ ಆದರೂ ಲೆಕ್ಕ ಅದೇ: ಲೋಕಾನುಭವ ಹಂಚಿಹೋಗಿರುವ ರೀತಿ ಬದಲಾದರೆ ಊಹೆಯ ಅಂಕವೂ ಬದಲಾಗುತ್ತದೆ.

ಆಟದ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಬಿಕಾಂ ಪಠ್ಯದಲ್ಲಿ ‘ಇನ್ವೆಂಟರಿ’ ಬಂದಾಗ ಹಿಂದಿನ ಬೆಂಚಿನ ಹುಡುಗರು, ಬೇರೆ ಯಾವ ಪದಕ್ಕೂ ಬಾಯಿ ಬಿಡದವರು, “ಐಟಂ ಎಲ್ಲ ಇಟ್ಕೊಳ್ಳೋದು ಸರ್” ಎನ್ನುತ್ತಾರೆ. ಎಲ್ಲಿ ಕಲಿತಿರಿ ಎಂದರೆ ಮುಸಿಮುಸಿ ನಗು. ಮೊಬೈಲ್ ಗೇಮಿನಲ್ಲಿ ಬಂದೂಕು, ಗುಂಡು, ಔಷಧಿ ತುಂಬಿಕೊಳ್ಳುವ ಚೀಲಕ್ಕೆ ಅದೇ ಹೆಸರು. ದಾಸ್ತಾನು ಎಂಬ ಲೆಕ್ಕಪತ್ರದ ಅರ್ಥಕ್ಕೆ ಅಲ್ಲಿಂದ ಹೋಗುವುದು ಕಷ್ಟವೇನಲ್ಲ. ಸ್ವೀಡನ್ನಿನಲ್ಲಿ 11–12 ವರ್ಷದ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಂಪ್ಯೂಟರ್ ಆಟ ಹೆಚ್ಚು ಆಡುವ ಮಕ್ಕಳ ಇಂಗ್ಲಿಷ್ ಪದಜ್ಞಾನ ಹೆಚ್ಚಿತ್ತು. ಹೆಚ್ಚು ಆಡುತ್ತಿದ್ದವರು ಗಂಡುಮಕ್ಕಳು. ಹುಡುಗಿಯರೇ ಭಾಷೆಯಲ್ಲಿ ಮುಂದು ಎಂದು ನಂಬಿಕೊಂಡವರು ಈ ಫಲಿತಾಂಶವನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಇಂಗ್ಲಿಷಿನೊಡನೆ ಒಡನಾಟ ಎಷ್ಟು ಎಂದು ನೋಡುವವರಿಗೆ ಒದ್ದಾಟವೇನೂ ಇಲ್ಲ.

ಕತೆ ಕಾದಂಬರಿಯ ಓದು ಇದರ ಇನ್ನೊಂದು ಮಗ್ಗುಲು. 15 ವರ್ಷದ ಮಕ್ಕಳ ಓದುವ ಸಾಮರ್ಥ್ಯವನ್ನು ಅಳೆಯುವ ಪೀಸಾ ಪರೀಕ್ಷೆಯಲ್ಲಿ ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ಸದಸ್ಯ ದೇಶಗಳ ಸರಾಸರಿ ತೆಗೆದರೆ, 2022ರಲ್ಲಿ ಹುಡುಗಿಯರು ಹುಡುಗರಿಗಿಂತ 24 ಅಂಕ ಮುಂದಿದ್ದರು, 2018ರಲ್ಲಿ 30. ಹೈಡ್ ಅವರ ಅಳತೆಗೆ ತಂದು ನೋಡಿದರೂ ಇದು ಅವರ 0.03ಕ್ಕಿಂತ ಬಹಳ ದೊಡ್ಡದು. ಖುಷಿಗಾಗಿ ಓದುವ ಅಭ್ಯಾಸ ಹುಡುಗಿಯರಲ್ಲಿ ಹೆಚ್ಚು ಎಂಬುದೂ ಅದೇ ಸಮೀಕ್ಷೆಗಳಲ್ಲಿ ಕಾಣುತ್ತದೆ. ಹೆಚ್ಚು ಓದಿದವರಿಗೆ ಹೆಚ್ಚು ಪದ ಗೊತ್ತು, ಹೆಚ್ಚು ಪದ ಗೊತ್ತಿದ್ದವರಿಗೆ ಆ ಶೇ 98ರ ಗೆರೆ ಹತ್ತಿರ, ಗೆರೆ ಹತ್ತಿರವಾದಷ್ಟೂ ಊಹೆ ಸರಿಹೋಗುತ್ತದೆ.

ಖಾಲಿ ಬಿಟ್ಟ ಜಾಗ

ಸ್ಟಾಫ್ ರೂಮಿನ ಎರಡನೆಯ ಮಾತಿಗೆ, ಅಂದರೆ ಹುಡುಗಿಯರು ಖಾಲಿ ಬಿಡುತ್ತಾರೆ ಎಂಬುದಕ್ಕೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕವಿದೆ. ಕ್ಯಾಥರೀನ್ ಬಾಲ್ಡಿಗಾ 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ನೇರವಾಗಿ ಪರೀಕ್ಷಿಸಿತು. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ ಎಂದಾಗ, ವಿಷಯ ಅಷ್ಟೇ ಗೊತ್ತಿದ್ದರೂ ಹೆಣ್ಣುಮಕ್ಕಳು ಹೆಚ್ಚು ಪ್ರಶ್ನೆಗಳನ್ನು ಬಿಟ್ಟರು. ಅಂಕ ಕಳೆಯುವುದಿಲ್ಲ ಎಂದಾಗ ಆ ವ್ಯತ್ಯಾಸ ಉಳಿಯಲಿಲ್ಲ. ಚಿಲಿ ದೇಶ ತನ್ನ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ತಪ್ಪು ಉತ್ತರದ ದಂಡವನ್ನು ತೆಗೆದುಹಾಕಿದಾಗಲೂ, ಬಿಟ್ಟ ಪ್ರಶ್ನೆಗಳಲ್ಲಿನ ಹೆಣ್ಣು ಗಂಡಿನ ಅಂತರ ಬಹುಮಟ್ಟಿಗೆ ಇಳಿದುಹೋಯಿತು. ನಮ್ಮ ಪಿಯು ಮಕ್ಕಳು ಪ್ರತಿ ವರ್ಷ ಎರಡು ಬಗೆಯ ನಿಯಮಕ್ಕೂ ತಲೆ ಕೊಡುತ್ತಾರೆ: ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ನೀಟ್‌ನಲ್ಲಿ ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಒಬ್ಬಳೇ ಹುಡುಗಿ ಕೆಲವೇ ವಾರಗಳ ಅಂತರದಲ್ಲಿ ಒಂದರಲ್ಲಿ ಎಲ್ಲ ವೃತ್ತಗಳನ್ನೂ ತುಂಬಿ, ಇನ್ನೊಂದರಲ್ಲಿ ಸಾಲು ಸಾಲು ಬಿಟ್ಟು ಬರಬಹುದು. ಎರಡು ದಿನವೂ ಅವಳ ತಲೆ ಅದೇ.

ಪದದ ಅರ್ಥ ಊಹಿಸುವ ಅಧ್ಯಯನಗಳಲ್ಲಿ ಇದು ಹೇಗೆ ನುಸುಳುತ್ತದೆ ನೋಡಿ. ಸಾಮಾನ್ಯವಾಗಿ ಒಂದು ಬರಹ ಕೊಟ್ಟು, ಅದರಲ್ಲಿ ಹತ್ತು ಪದಗಳಿಗೆ ಅಡಿಗೆರೆ ಎಳೆದು ಅರ್ಥ ಬರೆಯಿರಿ ಎನ್ನುತ್ತಾರೆ. ಪೂರ್ತಿ ಸರಿಗೆ 2, ಅರ್ಧ ಸರಿಗೆ 1, ತಪ್ಪಿಗೆ ಸೊನ್ನೆ, ಖಾಲಿಗೂ ಸೊನ್ನೆ. ಊಹೆ ಸರಿಹೋಗುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದಿಟ್ಟುಕೊಳ್ಳಿ. ಹತ್ತಕ್ಕೂ ಏನಾದರೊಂದು ಬರೆದವರಿಗೆ ಎರಡೋ ಮೂರೋ ಸರಿಹೋಗುತ್ತವೆ. ಗಟ್ಟಿ ಅನ್ನಿಸಿದ ನಾಲ್ಕಕ್ಕೆ ಮಾತ್ರ ಬರೆದು ಉಳಿದ ಆರನ್ನು ಬಿಟ್ಟವರು ಆ ನಾಲ್ಕರಲ್ಲಿ ಎರಡು ಸರಿ ಮಾಡಿದರೂ, ಬಿಟ್ಟ ಆರರಲ್ಲಿ ಸಿಗಬಹುದಾಗಿದ್ದ ಒಂದು ಹೋಯಿತು. ಅಂಕಪಟ್ಟಿಯಲ್ಲಿ ಮೊದಲನೆಯವರೇ ಒಳ್ಳೆಯ ಊಹೆಗಾರರಂತೆ ಕಾಣುತ್ತಾರೆ. ನಿಜದಲ್ಲಿ ಎರಡನೆಯವರು ಬರೆದದ್ದರಲ್ಲಿ ಅರ್ಧ ಸರಿ. ಮೊದಲನೆಯವರು ಗಾಳಿಯಲ್ಲಿ ಗುಂಡು ಹೊಡೆದದ್ದೇ ಹೆಚ್ಚು. ಖಾಲಿಯನ್ನೂ ತಪ್ಪನ್ನೂ ಒಂದೇ ಸೊನ್ನೆಯಲ್ಲಿ ಸೇರಿಸಿದ್ದರಿಂದ ಇದು ಮುಚ್ಚಿಹೋಗುತ್ತದೆ.

ಬಾಯಿಂದ ಹೇಳಿಸಿದರೆ ಇನ್ನೂ ಕಷ್ಟ. ಹುಡುಗರು ಹುಡುಗಿಯರು ಸೇರಿ ಕೂತ ತರಗತಿಯಲ್ಲಿ ತಪ್ಪು ಉತ್ತರ ಹೇಳಿ ನಗೆಪಾಟಲಾದ ಹುಡುಗ ಅರ್ಧ ಗಂಟೆಗೆ ಮರೆತಿರುತ್ತಾನೆ. ಹುಡುಗಿಗೆ ಅದು ವಾರಗಟ್ಟಲೆ ಅಡ್ಡಹೆಸರಾಗಿ ಹಿಂಬಾಲಿಸುವುದನ್ನು ನಾನು ಕಂಡಿದ್ದೇನೆ. ಅದೇ ಪ್ರಶ್ನೆಯನ್ನು ಚೀಟಿಯಲ್ಲಿ ಬರೆಸಿದರೆ ಬಾಯಿ ಬಿಡದಿದ್ದವರಿಂದಲೂ ಉತ್ತರ ಬರುತ್ತದೆ.

ತರಗತಿಯಲ್ಲಿ ನಿಜವಾಗಿ ಕಣ್ಣಿಗೆ ಹೊಡೆಯುವ ಅಂತರ ಬೇರೆಯೇ ಇದೆ. 2007–08ರಿಂದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಇದೆ. ಆದರೂ ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲೇ ಓದಿದವರಿಗೂ, ದಿನಕ್ಕೊಂದು ಪೀರಿಯಡ್ ಇಂಗ್ಲಿಷ್ ಕೇಳಿದವರಿಗೂ ಪದಸಂಪತ್ತಿನಲ್ಲಿ ಅಜಗಜಾಂತರ. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗ ಮತ್ತು ಅದೇ ಹಿನ್ನೆಲೆಯ ಹುಡುಗಿ ಬರೆಯುವ ಊಹೆಗಳು ಒಂದನ್ನೊಂದು ಹೋಲುತ್ತವೆ. ಇಂದಿರಾನಗರದ ಕಾನ್ವೆಂಟಿನಿಂದ ಬಂದ ಹುಡುಗಿಯ ಉತ್ತರಕ್ಕೂ ಈ ಹುಡುಗಿಯ ಉತ್ತರಕ್ಕೂ ಹೋಲಿಕೆಯೇ ಇರುವುದಿಲ್ಲ. ಹೆಣ್ಣು ಗಂಡು ಎಂದು ಎರಡು ಪಟ್ಟಿ ಮಾಡಿದ ಕೂಡಲೇ ಈ ದೊಡ್ಡ ಕಂದಕ ಎರಡೂ ಪಟ್ಟಿಯೊಳಗೆ ಹಂಚಿಹೋಗಿ ಕಾಣದಂತಾಗುತ್ತದೆ.

ತಮ್ಮ ತರಗತಿಯಲ್ಲೇ ಪರೀಕ್ಷಿಸಿ ನೋಡಬೇಕೆನ್ನುವ ಮೇಷ್ಟ್ರುಗಳಿಗೆ ನನ್ನ ಸಲಹೆ ಇಷ್ಟು. ಒಂದೇ ಬರಹ ಕೊಡಬೇಡಿ. ಕ್ರಿಕೆಟ್ಟಿನದೊಂದು, ಅಡುಗೆಯದೊಂದು, ಇಬ್ಬರಿಗೂ ಅಷ್ಟಕ್ಕಷ್ಟೇ ಇರುವ ಬ್ಯಾಂಕ್ ಸಾಲದ್ದೊಂದು ಇರಲಿ. ಪದಗಳು ಅವರಿಗೆ ನಿಜಕ್ಕೂ ಗೊತ್ತಿಲ್ಲವೇ ಎಂದು ಒಂದು ವಾರ ಮೊದಲೇ, ಬೇರೆ ಹತ್ತಾರು ಪದಗಳ ನಡುವೆ ಸೇರಿಸಿ ಕೇಳಿಕೊಳ್ಳಿ. ಪ್ರತಿ ಊಹೆಯ ಮುಂದೆ ‘ಗಟ್ಟಿ’, ‘ಸುಮಾರು’, ‘ಸುಮ್ಮನೆ’ ಎಂದು ಮೂರರಲ್ಲಿ ಒಂದನ್ನು ಬರೆಸಿ. ಆಗ ಖಾಲಿ ಬಿಡುವ ಅಗತ್ಯವೇ ಬೀಳುವುದಿಲ್ಲ, ಯಾರು ಎಷ್ಟು ಧೈರ್ಯ ಮಾಡಿದರು ಎಂಬುದೂ ತಿಳಿಯುತ್ತದೆ. ಹಾಗೆ ಅನ್ನಿಸಲು ವಾಕ್ಯದ ಯಾವ ಪದ ಕಾರಣ ಎಂದು ಅಡಿಗೆರೆ ಹಾಕಿಸಿ. ‘ದುರಸ್ತಿ’ಗೆ ಗೆರೆ ಎಳೆದವರೂ ‘ಎಂ.ಜಿ. ರಸ್ತೆ’ಗೆ ಎಳೆದವರೂ ಆಗ ಬೇರೆಬೇರೆಯಾಗಿ ಕಾಣುತ್ತಾರೆ. ಹಾಳೆಯ ಮೇಲ್ತುದಿಯಲ್ಲಿ ಓದಿದ ಮಾಧ್ಯಮ, ಮನೆಮಾತು, ಇಂಗ್ಲಿಷಿನಲ್ಲಿ ದಿನಾ ನೋಡುವ ಅಥವಾ ಆಡುವ ಏನಾದರೂ ಇದ್ದರೆ ಅದು, ಇಷ್ಟನ್ನು ಬರೆಸಿಕೊಳ್ಳಿ. ಅಂಕ ಹಾಕಿದ ಮೇಲೆ ಒಂದೇ ಮಾಧ್ಯಮದಲ್ಲಿ ಓದಿದ, ಹೆಚ್ಚುಕಡಿಮೆ ಒಂದೇ ಪದಸಂಪತ್ತಿನ ಹುಡುಗ ಹುಡುಗಿಯರನ್ನು ಅಕ್ಕಪಕ್ಕ ಇಟ್ಟು ಹೋಲಿಸಿ. ಅಷ್ಟಾದ ಮೇಲೂ ಅಂತರ ಉಳಿದರೆ, ಉಳಿದಷ್ಟನ್ನು ಮಾತ್ರ ಹೆಣ್ಣು ಗಂಡಿನ ಲೆಕ್ಕಕ್ಕೆ ಬರೆದುಕೊಳ್ಳಬಹುದು.